ಸ್ಟೀಲ್ ಸೀರಣಿಗೆ: ಎರಡೆರಡು ಜಡೆಯ ಇಬ್ಬರು ಹೆಣ್ಣುಮಕ್ಕಳಿರುವ ಮನೆಗೆ

ಮಕ್ಕಳ ತಲೆಯಲ್ಲಿ ಹೇನು ಕಂಡ ದಿನ ದುಡ್ಡು ಕೊಟ್ಟು ತರಬೇಕಾದ ಮೊದಲ ವಸ್ತು ಶಾಂಪೂ ಅಲ್ಲ, ಉದ್ದ ಹಲ್ಲಿನ ಸ್ಟೀಲ್ ಸೀರಣಿಗೆ. ಲೋಷನ್ ಹಚ್ಚಿದರೂ ಇದು ಬೇಕು, ಹಚ್ಚದಿದ್ದರೂ ಬೇಕು. ಇದನ್ನು ಅಪ್ಪಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಬೇಕೆನಿಸಿತು. ಸೀರಣಿಗೆ ಹಿಡಿಯುವ ಕ್ರಮವನ್ನು ಹೆಣ್ಣುಮಕ್ಕಳು ಅಮ್ಮನ, ಅಜ್ಜಿಯ ಕಾಲ ಬುಡದಲ್ಲಿ ಕೂತು ಕಲಿತಿರುತ್ತಾರೆ. ಗಂಡುಮಕ್ಕಳಿಗೆ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಬೆಳಗ್ಗೆ ಸ್ಕೂಲ್ ವ್ಯಾನ್ ಬರುವಷ್ಟರಲ್ಲಿ ನಾಲ್ಕು ಜಡೆ ಹೆಣೆದು ರಿಬ್ಬನ್ ಕಟ್ಟುವ ಅಪ್ಪನಿಗೂ ಹೇನು ಬಂದಾಗ ಕೈ ಆಡುವುದಿಲ್ಲ.

ಬೆಂಗಳೂರಿನಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಲೋಷನ್ ಡಬ್ಬಿಯ ಜೊತೆ ಬರುವ, ಇಲ್ಲವೇ ಫ್ಯಾನ್ಸಿ ಸ್ಟೋರಿನಲ್ಲಿ ಇಪ್ಪತ್ತು-ಮೂವತ್ತು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಬಾಚಣಿಗೆ. ದಟ್ಟ ಕೂದಲೊಳಗೆ ಹೋದ ಕೂಡಲೇ ಇದರ ಹಲ್ಲು ಅಗಲವಾಗುತ್ತದೆ, ಹೇನು ಸಂದಿಯಲ್ಲಿ ನುಸುಳಿಕೊಂಡು ತಲೆಯಲ್ಲೇ ಉಳಿಯುತ್ತದೆ. ಎರಡನೆಯದು ಜಾತ್ರೆಯ ಬಳೆ ಅಂಗಡಿಗಳಲ್ಲಿ ಇಂದಿಗೂ ಸಿಗುವ, ಎರಡೂ ಕಡೆ ಹಲ್ಲಿರುವ ಮರದ ಸೀರಣಿಗೆ. ಒಣಗಿದ ಕೂದಲಲ್ಲಿ ದೊಡ್ಡ ಹೇನು ಉದುರಿಸಲು ಚೆನ್ನಾಗಿದೆ, ನೆತ್ತಿಗೂ ಹಿತ. ಆದರೆ ನೀರು ಕುಡಿದರೆ ಉಬ್ಬುತ್ತದೆ, ಬಿಸಿನೀರಲ್ಲಿ ನೆನೆಹಾಕಲು ಬರುವುದಿಲ್ಲ, ಹಲ್ಲು ಗಿಡ್ಡವಾದ್ದರಿಂದ ಬುಡ ಮುಟ್ಟುವುದಿಲ್ಲ. ಮೂರನೆಯದು ಸ್ಟೀಲಿನದು. ಬೆಲೆ ಸುಮಾರು ₹150ರಿಂದ ₹350. ಗಾಂಧಿ ಬಜಾರ್, ಮಲ್ಲೇಶ್ವರದ 8ನೇ ಕ್ರಾಸ್ ಕಡೆಯ ಫ್ಯಾನ್ಸಿ ಸ್ಟೋರುಗಳಲ್ಲಿ, ದೊಡ್ಡ ಮೆಡಿಕಲ್ ಶಾಪುಗಳಲ್ಲಿ ಕೇಳಿ ನೋಡಿ. ಆನ್‌ಲೈನಿಗಿಂತ ಅಂಗಡಿಯೇ ವಾಸಿ. ಕೈಯಲ್ಲಿ ಹಿಡಿದು ನೋಡದೆ ಒಳ್ಳೆಯದು ಯಾವುದು, ಕಳಪೆ ಯಾವುದು ಗೊತ್ತಾಗುವುದಿಲ್ಲ.

ನೋಡುವುದು ಹೀಗೆ. ದೊಡ್ಡ ಹೇನಿನ ಉದ್ದ 2ರಿಂದ 3 ಮಿಲಿಮೀಟರ್, ಎಳ್ಳಿನ ಕಾಳಿನಷ್ಟು. ಮರಿಹೇನು ಅದಕ್ಕಿಂತ ತೀರಾ ಸಣ್ಣದು. ಆದ್ದರಿಂದ ಹಲ್ಲುಗಳ ನಡುವಿನ ಸಂದಿ 0.2ರಿಂದ 0.3 ಮಿಲಿಮೀಟರ್ ಮೀರಬಾರದು. ಅಂಗಡಿಯಲ್ಲಿ ಇದನ್ನು ಅಳೆಯಲು ಒಂದು ಜೆರಾಕ್ಸ್ ಹಾಳೆ ಸಾಕು, ಅದರ ದಪ್ಪ ಹೆಚ್ಚುಕಡಿಮೆ 0.1 ಮಿಲಿಮೀಟರ್. ಒಂದೇ ಪದರ ಸಲೀಸಾಗಿ ಹೋಗಬೇಕು, ಎರಡು ಪದರ ಬಿಗಿಯಾಗಿ ಹೋಗಬೇಕು, ನಾಲ್ಕು ಪದರ ಹೋಗಲೇಬಾರದು. ಒಂದು ಸಂದಿಯಲ್ಲಿ ನೋಡಿ ಬಿಡಬೇಡಿ, ಎರಡು ತುದಿಯಲ್ಲೂ ನಡುವಿನಲ್ಲೂ ನೋಡಿ. ಅಗ್ಗದ ಮಾಲಿನಲ್ಲಿ ತುದಿಯ ಹಲ್ಲುಗಳೇ ಸೊಟ್ಟಗಿರುತ್ತವೆ.

ಆಮೇಲೆ ಹಲ್ಲಿನ ಮೊನೆಯನ್ನು ನಿಮ್ಮ ಮೊಣಕೈ ಒಳಭಾಗದಲ್ಲಿ ತುಸು ಒತ್ತಿ ಎಳೆಯಿರಿ. ಬಿಳಿ ಗೀರು ಎದ್ದರೆ ಆ ಸೀರಣಿಗೆ ಬೇಡ. ಐದಾರು ವರ್ಷದ ಮಗುವಿನ ನೆತ್ತಿಯನ್ನು ಒಮ್ಮೆ ಗೀರಿತೆಂದರೆ ಮುಂದಿನ ಸಲ ಮಗು ಹತ್ತಿರ ಬರುವುದಿಲ್ಲ. ಹಲ್ಲು 3 ಸೆಂಟಿಮೀಟರಿಗಿಂತ ಉದ್ದವಿರಲಿ. ಗಿಡ್ಡ ಹಲ್ಲು ಮೇಲಿನ ಪದರವನ್ನಷ್ಟೇ ಬಾಚಿ ಬರುತ್ತದೆ. ಇನ್ನು ಹಲ್ಲು ಹಿಡಿಕೆಗೆ ಸೇರುವ ಜಾಗ. ಅಲ್ಲಿ ಬರೀ ಅಂಟು ಹಾಕಿ ಕೂರಿಸಿದ್ದರೆ ಬಿಸಿನೀರಿಗೆ ಅಂಟು ಬಿಡುತ್ತದೆ, ಹಲ್ಲು ಅಲುಗಾಡುತ್ತದೆ, ಆ ಸಂದಿಗೆ ಕೂದಲು ಸಿಕ್ಕಿ ಬುಡಸಮೇತ ಕಿತ್ತು ಬರುತ್ತದೆ. ಹೆಬ್ಬೆರಳಿನ ಉಗುರಿನಿಂದ ಹಲ್ಲುಗಳ ಮೇಲೆ ವೀಣೆ ಮೀಟಿದ ಹಾಗೆ ಎಳೆದು ಕೇಳಿ. ಸದ್ದು ಒಂದೇ ಸಮ ಬರಬೇಕು. ಹಲ್ಲಿನ ಮೈಮೇಲೆ ಸ್ಕ್ರೂವಿನಂತೆ ಸುತ್ತು ಗೀರು ಇರುವ ಬಗೆಯೂ ಇದೆ. ಸೀರು, ಅಂದರೆ ಹೇನಿನ ಮೊಟ್ಟೆ, ಹಿಡಿಯಲು ಅದು ಹೆಚ್ಚು ಚುರುಕು, ಗುಂಗುರು ಕೂದಲಿಗೆ ಮಾತ್ರ ಎಳೆತ ಜಾಸ್ತಿ. ಗುಂಗುರು ಕೂದಲಿನ ಮಗುವಿಗೆ ನಯವಾದ ಹಲ್ಲಿನದೇ ಇರಲಿ.

ಈಗ ಬಳಸುವ ಕ್ರಮ. ಒಣಕೂದಲಲ್ಲಿ ಹೇನು ಓಡುತ್ತದೆ. ಒದ್ದೆ ಕೂದಲಲ್ಲಿ, ಅದರಲ್ಲೂ ಕಂಡಿಷನರ್ ಮೆತ್ತಿದ ಕೂದಲಲ್ಲಿ, ಇದ್ದಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಮೊದಲು ಮಾಮೂಲಿ ಶಾಂಪೂ ಹಾಕಿ ತೊಳೆದು, ಟವೆಲಿನಲ್ಲಿ ಒತ್ತಿ, ಕಂಡಿಷನರನ್ನು ಧಾರಾಳವಾಗಿ ಹಚ್ಚಬೇಕು. ಭುಜದವರೆಗಿನ ಕೂದಲಿಗೆ 3-4 ದೊಡ್ಡ ಚಮಚ, ಸೊಂಟ ಮುಟ್ಟುವಷ್ಟಿದ್ದರೆ ಅದರ ಎರಡರಷ್ಟು. ಬೋರ್‌ವೆಲ್ ಇಲ್ಲವೇ ಟ್ಯಾಂಕರ್ ನೀರಿನ ಬಡಾವಣೆಗಳಲ್ಲಿ ಗಡಸು ನೀರಿಗೆ ಕೂದಲು ಒರಟಾಗಿರುತ್ತದೆ, ಇನ್ನೊಂದು ಚಮಚ ಜಾಸ್ತಿ ಬೇಕು. ದುಬಾರಿ ಕಂಡಿಷನರ್ ಬೇಕಿಲ್ಲ, ಇಲ್ಲಿ ಜಾರಿಕೆಯೊಂದೇ ಮುಖ್ಯ. ಕೊಬ್ಬರಿ ಎಣ್ಣೆಯಲ್ಲೂ ಆಗುತ್ತದೆ. ಡಿಸೆಂಬರ್ ಚಳಿಯಲ್ಲಿ ಅದು ಗಟ್ಟಿಯಾಗುತ್ತದೆ, ಬಟ್ಟಲನ್ನು ಬಿಸಿನೀರಲ್ಲಿಟ್ಟು ಕರಗಿಸಿಕೊಳ್ಳಿ. ಆದರೂ ಬಿಳಿ ಕಂಡಿಷನರಿನಲ್ಲಿ ಹೇನು ಎದ್ದು ಕಾಣುವಷ್ಟು ಎಣ್ಣೆಯಲ್ಲಿ ಕಾಣುವುದಿಲ್ಲ.

ಸೀರಣಿಗೆಗೆ ಮುಂಚೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಲೇಬೇಕು. ಹೆಚ್ಚಿನ ಅಪ್ಪಂದಿರು ಎಡವುವುದು ಇಲ್ಲೇ. ಬಾಚಣಿಗೆಯನ್ನು ನೆತ್ತಿಯಿಂದ ಕೆಳಗೆ ಎಳೆದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ತುದಿಯಿಂದ ಶುರುಮಾಡಿ ಗೇಣು ಗೇಣಾಗಿ ಮೇಲೆ ಬನ್ನಿ. ಗಂಟಿಗೂ ನೆತ್ತಿಗೂ ನಡುವಿನ ಕೂದಲನ್ನು ಎಡಗೈಯ ಮುಷ್ಟಿಯಲ್ಲಿ ಹಿಡಿದುಕೊಳ್ಳಿ. ಎಳೆತವೆಲ್ಲ ನಿಮ್ಮ ಮುಷ್ಟಿಗೆ ಬೀಳುತ್ತದೆ, ಮಗುವಿನ ಬುಡಕ್ಕಲ್ಲ. ಇದೊಂದು ಕೈಗೆ ಬಂದರೆ ಅರ್ಧ ಅಳು ನಿಲ್ಲುತ್ತದೆ.

ಮಗುವನ್ನು ಸಣ್ಣ ಸ್ಟೂಲಿನ ಮೇಲೆ, ಕಿಟಕಿಯ ಬೆಳಕು ತಲೆಯ ಹಿಂಭಾಗಕ್ಕೆ ಬೀಳುವಂತೆ ಕೂರಿಸಿ. ಹೆಗಲಿಗೆ ಬಿಳಿ ಟವೆಲ್ ಹೊದಿಸಿ. ಕೂದಲನ್ನು ನಾಲ್ಕು ಭಾಗ ಮಾಡಿ ಮೂರಕ್ಕೆ ಕ್ಲಿಪ್ ಹಾಕಿ. ಉಳಿದದ್ದರಲ್ಲಿ ಸೀರಣಿಗೆಯಷ್ಟೇ ಅಗಲದ ಎಳೆ ತೆಗೆದು, ಹಲ್ಲು ನೆತ್ತಿಯನ್ನು ಮುಟ್ಟುವಂತೆ ಇಟ್ಟು, ಬುಡದಿಂದ ತುದಿಯವರೆಗೆ ಒಂದೇ ಸಲಕ್ಕೆ ಎಳೆಯಿರಿ. ಎಳೆದಾಗಲೆಲ್ಲ ಬಿಳಿ ಟಿಶ್ಯೂಗೆ ಒರೆಸಿ ನೋಡಿ. ಒರೆಸದೆ ಮುಂದಿನ ಎಳೆಗೆ ಹೋದರೆ ತೆಗೆದ ಹೇನನ್ನು ನೀವೇ ವಾಪಸ್ ಬಿಟ್ಟಂತೆ. ಕಿವಿಯ ಹಿಂದೆ, ಕತ್ತಿನ ಮೇಲ್ಭಾಗದಲ್ಲಿ ಎರಡು ಪಟ್ಟು ಹೊತ್ತು ಕೊಡಿ, ಅಲ್ಲೇ ಹೆಚ್ಚಿರುತ್ತವೆ. ಇಡೀ ತಲೆ ಮುಗಿದ ಮೇಲೆ ಕಂಡಿಷನರ್ ತೊಳೆದು ಒದ್ದೆ ಕೂದಲಲ್ಲೇ ಇನ್ನೊಂದು ಸುತ್ತು. ಉದ್ದ ಕೂದಲಿಗೆ 20ರಿಂದ 30 ನಿಮಿಷ, ಇಬ್ಬರಿಗೆ ಒಂದು ಗಂಟೆ ಎತ್ತಿಡಿ. ಚಿಕ್ಕವಳನ್ನು ಮೊದಲು ಕೂರಿಸಿ, ಅವಳ ತಾಳ್ಮೆ ಬೇಗ ತೀರುತ್ತದೆ. ಒಬ್ಬಳಿಂದ ಇನ್ನೊಬ್ಬಳಿಗೆ ಹೋಗುವ ಮುಂಚೆ ಸೀರಣಿಗೆಯನ್ನು 54 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ನೀರಲ್ಲಿ 5ರಿಂದ 10 ನಿಮಿಷ ಮುಳುಗಿಸಿಡಿ, ಕೈ ಇಡಲಾಗದಷ್ಟು ಬಿಸಿ ಇರಬೇಕು. ಚಿಕ್ಕವಳು ತಲೆ ಒರೆಸಿಕೊಳ್ಳುವಷ್ಟು ಹೊತ್ತು ಅದು. ಬಕೆಟ್ಟು ಮಾತ್ರ ಮಕ್ಕಳ ಕೈಗೆಟುಕದ ಕಡೆ ಇರಲಿ.

ಸೀರಣಿಗೆಯ ಮೇಲೆ ಬರುವ ದೊಡ್ಡ ದೂರು, "ಅಷ್ಟು ಹೊತ್ತು ಬಾಚಿದೆ, ವಾರದಲ್ಲಿ ಮತ್ತೆ ಬಂತು" ಎನ್ನುವುದು. ತಪ್ಪು ಸೀರಣಿಗೆಯದಲ್ಲ, ಸೀರಿನ ಲೆಕ್ಕದ್ದು. ಹೇನು ಮೊಟ್ಟೆಯನ್ನು ನೆತ್ತಿಯಿಂದ ಸುಮಾರು 6 ಮಿಲಿಮೀಟರ್ ಒಳಗೆ ಕೂದಲಿಗೆ ಅಂಟಿಸುತ್ತದೆ. ಅದು ಒಡೆಯಲು ಒಂದು ವಾರದಿಂದ ಹತ್ತು ದಿನ. ಒಡೆದು ಬಂದ ಮರಿ ಬೆಳೆದು ತಾನೇ ಮೊಟ್ಟೆಯಿಡಲು ಇನ್ನೂ ಒಂದು ವಾರದ ಮೇಲಾಗುತ್ತದೆ. ಈ ನಡುವೆ ಬಾಚುತ್ತಲೇ ಇದ್ದರೆ ಸರಪಳಿ ಕಡಿಯುತ್ತದೆ. 1, 5, 9, 13ನೇ ದಿನ ಬಾಚಬೇಕು, 17ನೇ ದಿನ ಪರೀಕ್ಷೆ. ಶನಿವಾರ ಶುರುಮಾಡಿದರೆ ಬುಧವಾರ, ಭಾನುವಾರ, ಗುರುವಾರ, ಆಮೇಲೆ ಸೋಮವಾರ ಬರುತ್ತದೆ. ಎರಡು ದಿನ ರಜೆಯಲ್ಲೇ ಬೀಳುತ್ತವೆ. ಉಳಿದ ದಿನ ಸಂಜೆ ಆರರೊಳಗೆ ಕೂತರೆ ಮಲಗುವ ಹೊತ್ತಿಗೆ ಕೂದಲು ಒಣಗಿರುತ್ತದೆ. 17ನೇ ದಿನ ಓಡಾಡುವ ಹೇನು ಸಿಕ್ಕರೆ ಮತ್ತೆ ಒಂದರಿಂದ. ಇಬ್ಬರಿಗೂ ಒಂದೇ ದಿನ ಬಾಚಬೇಕು. ಅಕ್ಕನಿಗೆ ಇಂದು, ತಂಗಿಗೆ ನಾಳೆ ಎಂದರೆ ರಾತ್ರಿ ಒಂದೇ ದಿಂಬಿನಲ್ಲಿ ತಲೆ ತಾಗಿಸಿ ಮಲಗಿದಾಗ ಲೆಕ್ಕ ತಪ್ಪುತ್ತದೆ. ಜೊತೆಗೆ ಮಲಗಿಸಿಕೊಳ್ಳುವ ಅಜ್ಜಿಯ ತಲೆಯನ್ನೂ ಮರೆಯದೆ ನೋಡಿ, ನಿಮ್ಮದನ್ನೂ ಅಜ್ಜಿಯ ಕೈಲಿ ನೋಡಿಸಿಕೊಳ್ಳಿ.

ತುರಿಕೆ ನಿಂತಿಲ್ಲವೆಂದು ಗಾಬರಿ ಬೇಡ. ಅದು ಹೇನಿನ ಜೊಲ್ಲಿಗೆ ಆಗುವ ಅಲರ್ಜಿ, ಹೇನು ಹೋದ ಮೇಲೂ ಕೆಲವು ದಿನ ಇರುತ್ತದೆ. ಕೂದಲ ಬುಡದಿಂದ ದೂರದಲ್ಲಿ ಅಂಟಿರುವ ಬಿಳಿ ಸೀರು ಹೆಚ್ಚಾಗಿ ಖಾಲಿ ಸಿಪ್ಪೆ. ಊದಿದರೆ ಹಾರಿಹೋಗುವುದು ಹೊಟ್ಟು, ಎರಡು ಉಗುರಿನ ನಡುವೆ ಹಿಡಿದು ಎಳೆದರೂ ಜಗ್ಗದಿರುವುದು ಸೀರು.

ಲೋಷನ್ ಬೇಕೆನ್ನುವವರಿಗೆ ಒಂದು ಎಚ್ಚರಿಕೆ. ಹೇನಿಗೆ ಹಚ್ಚುವುದು ಪರ್ಮೆಥ್ರಿನ್ 1%, ಕಜ್ಜಿಗೆ ಕೊಡುವುದು 5%. ಹೆಸರು ಒಂದೇ ಆದ್ದರಿಂದ ಕೌಂಟರಿನಲ್ಲಿ ಅದಲುಬದಲಾಗಬಹುದು, ಡಬ್ಬಿಯ ಮೇಲಿನ ಅಂಕಿ ಓದಿಯೇ ದುಡ್ಡು ಕೊಡಿ. ಕಂಡಿಷನರ್ ಇಲ್ಲದೆ ತೊಳೆದು ಒರೆಸಿದ ಕೂದಲಿಗೆ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಬೇಕು. ಕಂಡಿಷನರ್ ಮೊದಲೇ ಹಚ್ಚಿದ್ದರೆ ಔಷಧಿ ಕೂದಲಿಗೆ ಹಿಡಿಯುವುದಿಲ್ಲ. ಸೀರನ್ನು ಅದು ಪೂರ್ತಿ ಕೊಲ್ಲದ ಕಾರಣ 9ನೇ ದಿನಕ್ಕೆ ಇನ್ನೊಮ್ಮೆ ಹಚ್ಚಬೇಕು. ತೀರಾ ಎಳೆಯ ಮಗುವಿದ್ದರೆ, ನೆತ್ತಿಯಲ್ಲಿ ಹುಣ್ಣಿದ್ದರೆ ಮಕ್ಕಳ ಡಾಕ್ಟರನ್ನು ಕೇಳದೆ ಯಾವುದನ್ನೂ ಹಚ್ಚಬೇಡಿ.

ಸೀತಾಫಲದ ಬೀಜದ ಪುಡಿ ಮಾತ್ರ ಖಂಡಿತ ಬೇಡ. ಹೇನು ಸಾಯುವುದು ನಿಜ, ಆದರೆ ತಲೆ ತೊಳೆಯುವಾಗ ಒಂದು ಹನಿ ಕಣ್ಣಿಗಿಳಿದರೂ ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಸುಟ್ಟಂತಾಗುತ್ತದೆ, ಹಾಗೆ ಕಣ್ಣಾಸ್ಪತ್ರೆ ಸೇರಿದವರಿದ್ದಾರೆ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿಡುವ ಮನೆಗಳಲ್ಲಿ ಆ ಬಾಟಲಿ ಚಿಕ್ಕವಳ ಕೈಗೆ ಸಿಗಬಾರದು. ಸ್ವಲ್ಪ ಕರ್ಪೂರ ಹೊಟ್ಟೆಗೆ ಹೋದರೂ ಮಕ್ಕಳಿಗೆ ಫಿಟ್ಸ್ ಬರಬಹುದು. ಸೀಮೆಎಣ್ಣೆ ಚರ್ಮ ಸುಡುತ್ತದೆ, ಬೆಂಕಿ ಹತ್ತುತ್ತದೆ. ತಲೆ ಬೋಳಿಸುವುದೂ ಬೇಕಿಲ್ಲ. ಹೇನಿಗೆ ಕೊಳಕು ತಲೆ, ಶುಭ್ರ ತಲೆ ಎಂಬ ಭೇದವಿಲ್ಲ. ಹಾರಲಾರದು, ನೆಗೆಯಲಾರದು, ತಲೆಗೆ ತಲೆ ತಾಗಿದಾಗ ನಡೆದು ದಾಟುತ್ತದೆ. ವ್ಯಾನಿನ ಇಕ್ಕಟ್ಟಿನಲ್ಲಿ, ಒಂದೇ ಮೊಬೈಲ್ ನೋಡುತ್ತ ಕೂತಾಗ ಅಷ್ಟು ಸಾಕು. ಮಗುವನ್ನು ಗದರಬೇಡಿ, ಅವಳೆದುರು ಅಸಹ್ಯ ತೋರಿಸಬೇಡಿ. ಜೊತೆಯ ಮಕ್ಕಳ ಅಪ್ಪ-ಅಮ್ಮಂದಿರಿಗೆ ನೇರವಾಗಿ ಫೋನ್ ಮಾಡಿ ಹೇಳಿ. ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಅದು ಮಗುವಿನ ಮೇಲೆ ಅಡ್ಡಹೆಸರಾಗಿ ಕೂರುತ್ತದೆ.

ತಲೆಯಿಂದ ಬಿದ್ದ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ. ಹಿಂದಿನ ಎರಡು ದಿನದಲ್ಲಿ ಬಳಸಿದ ದಿಂಬಿನ ಚೀಲ, ಟವೆಲ್, ರಿಬ್ಬನ್ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು, ಇಡೀ ಮನೆಗೆ ಔಷಧಿ ಹೊಡೆಸಬೇಕಿಲ್ಲ.

ಒಳ್ಳೆಯ ಸೀರಣಿಗೆ ಕೆಡುವುದು ಹಲ್ಲು ಸವೆದಲ್ಲ, ಬುಡದಲ್ಲಿ ತುಕ್ಕು ಹಿಡಿದು. ಪ್ರತಿ ಸಲ ಹಳೆಯ ಟೂತ್‌ಬ್ರಶ್ಶಿನಲ್ಲಿ ಉಜ್ಜಿ, ಸಂದಿಯಲ್ಲಿ ಉಳಿದದ್ದನ್ನು ಹೊಲಿಗೆ ದಾರ ಎಳೆದು ತೆಗೆದು, ಹಲ್ಲು ಕೆಳಗೆ ಮಾಡಿ ಒಣಗಲು ಬಿಡಿ. ಬೋರ್‌ವೆಲ್ ನೀರಿನ ಉಪ್ಪು ಬಿಳಿಯಾಗಿ ಕಟ್ಟಿದ್ದರೆ ಅರ್ಧ ಗಂಟೆ ವಿನೆಗರಿನಲ್ಲಿಟ್ಟು ತೊಳೆಯಿರಿ. ಒಣಗಿದ ಮೇಲೆ ರಿಬ್ಬನ್ ಡಬ್ಬಿಯಲ್ಲೇ ಇಡಿ. ವಾರಕ್ಕೊಮ್ಮೆ ಮಕ್ಕಳ ತಲೆಗೆ ನೀರು ಹಾಕುವ ದಿನ ಕಿವಿಯ ಹಿಂದೆ ನಾಲ್ಕು ಸಲ ಎಳೆದು ನೋಡಲು ಕೈಗೆ ಸಿಗುವಂತಿರಲಿ.