ಮೊದಲು ಡಿಕನ್ಸೋ, ಜಾರ್ಜ್ ಎಲಿಯಟ್ಟೋ?

ವಿಕ್ಟೋರಿಯಾ ಯುಗದ ಕಾದಂಬರಿಗಳನ್ನು ಮೊದಲ ಬಾರಿಗೆ ಓದಹೊರಟವರಿಗೆ ಚಾರ್ಲ್ಸ್ ಡಿಕನ್ಸರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಹಾಗೂ ಜಾರ್ಜ್ ಎಲಿಯಟ್ ಎಂಬ ಗಂಡುಹೆಸರಿನಲ್ಲಿ ಬರೆದ ಮೇರಿ ಆ್ಯನ್ ಇವಾನ್ಸರ ‘ಮಿಡ್ಲ್‌ಮಾರ್ಚ್’ ನಡುವೆ ಆಯ್ಕೆ ಸುಲಭವಲ್ಲ.

ಮೊದಲನೆಯದು 1860–61ರಲ್ಲಿ ಡಿಕನ್ಸರೇ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂದದ್ದರಿಂದ, ಮುಂದಿನ ವಾರಕ್ಕೆ ಕಾಯಿಸುವ ಕುತೂಹಲ ಅದರ ಕಟ್ಟಡದಲ್ಲಿಯೇ ಇದೆ. ಧಾರಾವಾಹಿಗಳನ್ನು ಓದಿ ಬೆಳೆದ ಕನ್ನಡಿಗರಿಗೆ ಅದು ಬೇಗ ಒಗ್ಗುತ್ತದೆ. ಮದುವೆ ಮುರಿದ ಗಳಿಗೆಯಲ್ಲಿ, ಒಂಬತ್ತಕ್ಕೆ ಇಪ್ಪತ್ತು ನಿಮಿಷವಿರುವಾಗ, ಗಡಿಯಾರಗಳನ್ನೆಲ್ಲ ನಿಲ್ಲಿಸಿ, ಜೇಡ ಹತ್ತಿದ ಮದುವೆಯ ಕೇಕನ್ನು ಹಾಗೆಯೇ ಬಿಟ್ಟು, ಹಳದಿಗಟ್ಟಿದ ಧಾರೆಯುಡುಪಿನಲ್ಲಿ ಕುಳಿತ ಮಿಸ್ ಹ್ಯಾವಿಶಾಮ್ ಒಮ್ಮೆ ಕಂಡರೆ ಮರೆಯುವವಳಲ್ಲ.

1871–72ರಲ್ಲಿ ಎಂಟು ಭಾಗಗಳಾಗಿ ಪ್ರಕಟವಾದ ‘ಮಿಡ್ಲ್‌ಮಾರ್ಚ್’ಗೆ ಅಂಥ ಅವಸರವಿಲ್ಲ. ಇಂಗ್ಲೆಂಡಿನಲ್ಲಿ ಮತದಾನದ ಹಕ್ಕನ್ನು ವಿಸ್ತರಿಸಿದ 1832ರ ಸುಧಾರಣಾ ಕಾಯ್ದೆಗೆ ಮುಂಚಿನ ಒಂದು ಸಣ್ಣ ಊರಿನ ಮದುವೆ, ಸಾಲ, ಆಸ್ಪತ್ರೆ, ಚುನಾವಣೆಗಳನ್ನು ಅದು ಎಳೆಎಳೆಯಾಗಿ ಬಿಡಿಸುತ್ತದೆ; ಮೊದಲ ನೂರು ಪುಟ, ಒಪ್ಪಿಕೊಳ್ಳಲೇಬೇಕು, ಬೇಸರ ತರಿಸಬಹುದು. ಆದರೆ ಮಹಾನ್ ವಿದ್ವಾಂಸನೆಂದು ನಂಬಿ ಮುದಿ ಕಸಾಬನ್‌ನನ್ನು ಮದುವೆಯಾದ ಡೊರೊಥಿಯಾ, ಜರ್ಮನ್ ಬಾರದ ಗಂಡನ ಜೀವಮಾನದ ಸಂಶೋಧನೆಯನ್ನು ಜರ್ಮನರು ಎಂದೋ ಹಿಂದೆ ಹಾಕಿದ್ದಾರೆಂಬ ಮಾತು ಕೇಳುವ ಪ್ರಸಂಗದಲ್ಲಿ, ಎಲಿಯಟ್ ಆ ಒಣ ಮುದುಕನ ಮೇಲೂ ಕರುಣೆ ಹುಟ್ಟಿಸುತ್ತಾರೆ. ಡಿಕನ್ಸರು ಅವನನ್ನು ಬಹುಶಃ ನಗೆಪಾಟಲು ಮಾಡಿ ಬಿಡುತ್ತಿದ್ದರು.

ಕತೆಯ ಓಟ ಬೇಕಿದ್ದರೆ ಡಿಕನ್ಸ್. ಮದುವೆಯಾಗಿ ಕೆಲವು ವರ್ಷ ಕಳೆದವರಿಗೆ ನಾನು ಎಲಿಯಟ್‌ರನ್ನೇ ಕೊಡುತ್ತೇನೆ.