ಅಂಗಡಿ ಡೆಸ್ಕ್‌ಟಾಪ್ ಮಲಗಿದ ದಿನ ಮತ್ತೆ ಸ್ನ್ಯಾಪಿ ಡ್ರೈವರ್ ಇನ್‌ಸ್ಟಾಲರ್ ಒರಿಜಿನ್: ಬಳಸಿದವನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ನಾನೇನು ಕಂಪ್ಯೂಟರ್ ಓದಿದವನಲ್ಲ. ತಿಪಟೂರಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ನಂದು. ಲಗ್ನಪತ್ರಿಕೆ, ಬಾಡಿಗೆ ಕರಾರು, ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ, ಇದೇ ದಿನಾ ಕೆಲ್ಸ. ಸ್ನ್ಯಾಪಿ ಅನ್ನೋದು ಪಿಸಿಗೆ ಬೇಕಾದ ಡ್ರೈವರ್, ಅಂದ್ರೆ ಪಿಸಿಯ ಒಂದೊಂದು ಭಾಗನ ವಿಂಡೋಸ್ ಗುರುತು ಹಿಡಿದು ಓಡ್ಸೋಕೆ ಬೇಕಾದ ಚಿಕ್ಕ ಸಾಫ್ಟ್‌ವೇರ್, ಹುಡುಕಿ ಹಾಕೋ ಟೂಲು. ಹಾಗಾಗಿ ಇದರ ಬಗ್ಗೆ ಬರೀತಿರೋದು ಎಕ್ಸ್‌ಪರ್ಟ್ ಅಂತಲ್ಲ, ಎರಡು ದಿನ ಅಂಗಡಿ ಶಟರ್ ಅರ್ಧ ಎಳ್ಕೊಂಡು ಒದ್ದಾಡಿದವನು ಅಂತ ಓದ್ಕೊಳಿ.

ಆಗಿದ್ದು ಇಷ್ಟೇ. ಮಧ್ಯಾಹ್ನ ಕರೆಂಟ್ ಹೋಯ್ತು, ಬಂತು, ಮತ್ತೆ ಹೋಯ್ತು, ಮತ್ತೆ ಬಂತು. ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು, ಹಾಕಿಸ್ತೀನಿ ಹಾಕಿಸ್ತೀನಿ ಅನ್ಕೊಂಡೇ ಇದ್ದೆ. ಮೂರನೇ ಸಲ ಆನ್ ಮಾಡಿದಾಗ ನೀಲಿ ಸ್ಕ್ರೀನು, ಆಟೋಮ್ಯಾಟಿಕ್ ರಿಪೇರಿ ಅಂತ ಸುತ್ತೋಕೆ ಶುರು ಆಯ್ತು, ಸುತ್ತಿ ಸುತ್ತಿ ಕೊನೆಗೆ ನಿಮ್ಮ ಪಿಸಿ ರಿಪೇರಿ ಮಾಡೋಕೆ ಆಗಲಿಲ್ಲ ಅಂತ ಕೈ ಎತ್ತಿಬಿಡ್ತು. ಪಿಸಿನ ಹಿಂದಿನ ಸ್ಥಿತಿಗೆ ವಾಪಸ್ ತರೋ ರಿಸ್ಟೋರ್ ಪಾಯಿಂಟ್ ನೋಡಿದ್ರೆ ಒಂದೂ ಇಲ್ಲ, ಯಾವತ್ತೋ ನಾನೇ ಜಾಗ ತಿನ್ನುತ್ತೆ ಅಂತ ಆಫ್ ಮಾಡಿದ್ದೆ. ಡಿಸ್ಕ್ ತಪ್ಪು ಹುಡುಕೋ ಚೆಕ್‌ಡಿಸ್ಕ್ ಓಡ್ಸಿದೆ, ಏನೇನೋ ಸರಿ ಮಾಡಿದೀನಿ ಅಂತು, ಬೂಟ್ ಮಾತ್ರ ಆಗಲಿಲ್ಲ.

ರಿಪೇರಿಯವರ ಹತ್ರ ಒಯ್ಯೋಣ ಅಂದ್ರೆ ಹಿಂದೊಂದ್ಸಲ ಒಬ್ರ ಹತ್ರ ಕೊಟ್ಟು ಕೈ ಸುಟ್ಕೊಂಡಿದೀನಿ. ಸಂಜೆ ಹೊತ್ತಿಗೆ ರೆಡಿ ಮಾಡಿ ಕೊಟ್ರು, 500 ರೂಪಾಯಿ ತಗೊಂಡ್ರು, ಮನೆಗೆ ಬಂದು ನೋಡಿದ್ರೆ ಡೆಸ್ಕ್‌ಟಾಪ್ ಮೇಲಿದ್ದ ಫೈಲೆಲ್ಲ ಮಾಯ. ಸಿ ಡ್ರೈವಲ್ಲಿ ಯಾಕೆ ಇಟ್ಕೊಂಡಿದ್ರಿ ಸಾರ್ ಅಂತ ನಮ್ಮನ್ನೇ ಕೇಳಿದ್ರು. ಅದರ ಜೊತೆ ಒಂದು ಡ್ರೈವರ್ ಅಪ್‌ಡೇಟ್ ಮಾಡೋ ಸಾಫ್ಟ್‌ವೇರ್ ಬೇರೆ ಹಾಕಿಕೊಟ್ಟಿದ್ರು, ದಿನಕ್ಕೆ ಹತ್ತು ಸಲ ನಿಮ್ಮ 14 ಡ್ರೈವರ್ ಹಳೇದಾಗಿದೆ ದುಡ್ಡು ಕಟ್ಟಿ ಅಂತ ಮೂಲೇಲಿ ಇಣುಕ್ತಿತ್ತು. ಹಾಗಾಗಿ ಈ ಸಲ ನಾನೇ ಕೂತೆ.

ಫೈಲ್ ಉಳಿಸ್ಕೊಂಡಿದ್ದು ಹೇಗೆ ಅಂತ ಹೇಳ್ಬೇಕು, ಯಾಕಂದ್ರೆ ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ಆ ನೀಲಿ ರಿಪೇರಿ ಸ್ಕ್ರೀನಲ್ಲೇ ಅಡ್ವಾನ್ಸ್‌ಡ್ ಆಪ್ಷನ್‌ಗೆ ಹೋಗಿ ಕಮಾಂಡ್ ಪ್ರಾಂಪ್ಟ್ ತೆಗೀರಿ, ಅಲ್ಲಿ ನೋಟ್‌ಪ್ಯಾಡ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ಬರುತ್ತೆ. ಫೈಲ್, ಓಪನ್, ಕೆಳಗಡೆ ಆಲ್ ಫೈಲ್ಸ್ ಅಂತ ಆರಿಸ್ಕೊಂಡ್ರೆ ಆ ಕಿಟಕಿನೇ ಒಂದು ಚಿಕ್ಕ ಎಕ್ಸ್‌ಪ್ಲೋರರ್ ಥರ ಕೆಲ್ಸ ಮಾಡುತ್ತೆ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಕಾಪಿ, ಪೆನ್‌ಡ್ರೈವಲ್ಲಿ ಪೇಸ್ಟ್. ಎರಡು ಮಾತು ನೆನಪಿಟ್ಕೊಳಿ. ಅಲ್ಲಿ ಡ್ರೈವ್ ಅಕ್ಷರ ಅದಲು ಬದಲಾಗಿರಬಹುದು, ನಿಮ್ಮ ಸಿ ಅಲ್ಲಿ ಡಿ ಆಗಿರುತ್ತೆ, ಗಾಬರಿ ಬೇಡ. ಕಾಪಿ ಆಗೋವಾಗ ಎಷ್ಟಾಯ್ತು ಅಂತ ಏನೂ ತೋರ್ಸಲ್ಲ, ಹ್ಯಾಂಗ್ ಆದಂಗೆ ಕಾಣುತ್ತೆ, ಕೈಕಟ್ಟಿ ಕೂತ್ಕೊಳಿ ಅಷ್ಟೇ. ಇನ್ನೊಂದು, ಡ್ರೈವ್‌ಗೆ ಬೀಗ ಹಾಕೋ ಬಿಟ್‌ಲಾಕರ್ ಆನ್ ಇದ್ರೆ ಮೊದ್ಲು 48 ಅಂಕಿಯ ರಿಕವರಿ ಕೀ ಕೇಳುತ್ತೆ, ಅದಿಲ್ದಿದ್ರೆ ಈ ಆಟ ನಡೆಯಲ್ಲ.

ಕನ್ನಡ ಟೈಪ್ ಮಾಡೋ ನುಡಿ ಫಾಂಟ್ ಎಲ್ಲ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಲ್ಲಿತ್ತು, ಅದನ್ನೂ ಎತ್ಕೊಂಡೆ. ಹಳೇ ಪೇಜ್‌ಮೇಕರ್ ಫೈಲುಗಳಿಗೆ ಆ ಫಾಂಟ್ ಇಲ್ದಿದ್ರೆ ಲಗ್ನಪತ್ರಿಕೆ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಿಚಡಿ ಕಾಣುತ್ತೆ, ಡಿಟಿಪಿ ಮಾಡೋರಿಗೆ ಗೊತ್ತಿರುತ್ತೆ ಆ ಸಂಕಟ.

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತಲ್ಲ, ನಂದು 12ನೇ ಜನರೇಶನ್ ಐ3, ಹೊಸದಾಗಿ ಹಾಕೋದೇ ಆದ್ರೆ 11 ಹಾಕೋಣ ಅಂತ ತೀರ್ಮಾನ ಮಾಡಿದೆ. ಕೌಂಟರಲ್ಲಿರೋ ಹಳೇ ಪಿಸೀಲಿ ಮೈಕ್ರೋಸಾಫ್ಟ್ ಸೈಟಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ 8 ಜಿಬಿ ಪೆನ್‌ಡ್ರೈವ್ ರೆಡಿ ಮಾಡಿದೆ. ಕೀ ಕೇಳಿದಾಗ ನನ್ನತ್ರ ಕೀ ಇಲ್ಲ ಅಂತ ಒತ್ತಿ ಮುಂದೆ ಹೋಗಿ, ಮೊದ್ಲು ಅದೇ ಪಿಸೀಲಿ ಒರಿಜಿನಲ್ ವಿಂಡೋಸ್ ಇದ್ದು ಈಗ್ಲೂ ಅದೇ ಎಡಿಷನ್ ಹಾಕಿದ್ರೆ ನೆಟ್ ಸಿಕ್ಕಿದ ಮೇಲೆ ತಾನಾಗೇ ಆಕ್ಟಿವೇಟ್ ಆಗುತ್ತೆ.

ಎಲ್ಲ ಚೆನ್ನಾಗೇ ನಡೀತಿತ್ತು, ಅಷ್ಟರಲ್ಲಿ ನೆಟ್‌ವರ್ಕ್‌ಗೆ ಕನೆಕ್ಟ್ ಮಾಡಿ ಅನ್ನೋ ಪೇಜ್ ಬಂತು. ಲ್ಯಾನ್ ಕೇಬಲ್ ಚುಚ್ಚಿದೀನಿ, ಲೈಟೂ ಮಿಣುಕ್ತಿದೆ, ಆದ್ರೆ ವಿಂಡೋಸ್‌ಗೆ ಲ್ಯಾನ್ ಅಂತ ಒಂದು ಇದೆ ಅಂತಲೇ ಗೊತ್ತಿಲ್ಲ. ನನ್ನ ಮದರ್‌ಬೋರ್ಡಲ್ಲಿರೋ ಲ್ಯಾನ್ ಚಿಪ್ಪು ಇಂಟೆಲ್ ಐ219-ವಿ, ಅದರ ಡ್ರೈವರ್ ಆ ಪೆನ್‌ಡ್ರೈವಲ್ಲಿ ಇರಲಿಲ್ಲ. ಡ್ರೈವರ್ ಬೇಕಂದ್ರೆ ನೆಟ್ ಬೇಕು, ನೆಟ್ ಬೇಕಂದ್ರೆ ಡ್ರೈವರ್ ಬೇಕು, ಮದುವೆ ಆಗೋವರ್ಗೂ ಹುಚ್ಚು ಬಿಡಲ್ಲ, ಹುಚ್ಚು ಬಿಡೋವರ್ಗೂ ಮದುವೆ ಆಗಲ್ಲ ಅಂದಂಗಾಯ್ತು. ಆಂಡ್ರಾಯ್ಡ್ ಫೋನ್ ಕೇಬಲಲ್ಲಿ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದ್ರೆ ಅದನ್ನ ವಿಂಡೋಸ್ ತಕ್ಷಣ ಹಿಡ್ಕೊಳ್ಳುತ್ತೆ, ಯಾವ ಡ್ರೈವರೂ ಕೇಳಲ್ಲ, ಹಂಗೇ ಆ ಪೇಜ್ ದಾಟಿದೆ. ಆದ್ರೆ ನಂದು ದಿನಕ್ಕೆ 1.5 ಜಿಬಿ ಪ್ಲಾನು, ಅಪ್‌ಡೇಟ್ ಅಂತ ನುಂಗೋಕೆ ಶುರು ಮಾಡ್ತು, ಡೆಸ್ಕ್‌ಟಾಪ್ ಕಂಡ ತಕ್ಷಣ ಕೇಬಲ್ ಕಿತ್ತೆ.

ಇಲ್ಲಿ ಬಂತು ನೋಡಿ ಸ್ನ್ಯಾಪಿ. ಫ್ರೀ, ಓಪನ್ ಸೋರ್ಸ್, ಜಾಹೀರಾತು ಇಲ್ಲ, ಇನ್‌ಸ್ಟಾಲ್ ಕೂಡ ಮಾಡ್ಬೇಕಿಲ್ಲ, ಫೋಲ್ಡರಿಂದಲೇ ಓಡುತ್ತೆ. ಹೆಸರಲ್ಲಿ ಒರಿಜಿನ್ ಅಂತ ಇರೋದನ್ನೇ ನೋಡಿ ಇಳಿಸ್ಕೊಳಿ, ಬರೀ ಸ್ನ್ಯಾಪಿ ಅಂತ ಹುಡುಕಿದ್ರೆ ಬೇರೆಯದ್ದೂ ಬರುತ್ತೆ. ಮೊದ್ಲ ಸಲ ತೆಗೆದಾಗ ಕೇಳುತ್ತೆ, ಎಲ್ಲಾ ಡ್ರೈವರ್ ಪ್ಯಾಕ್ ಬೇಕಾ, ನೆಟ್‌ವರ್ಕ್‌ದು ಮಾತ್ರ ಸಾಕಾ, ಬರೀ ಇಂಡೆಕ್ಸ್, ಅಂದ್ರೆ ಡ್ರೈವರ್ ಪಟ್ಟಿ, ಸಾಕಾ ಅಂತ. ಎಲ್ಲಾ ಅಂದ್ರೆ ಹತ್ತಾರು ಜಿಬಿ, ಅದೂ ಟೊರೆಂಟಲ್ಲಿ ಬರುತ್ತೆ. ನಾನು ಹಳೇ ಪಿಸೀಲಿ ನೆಟ್‌ವರ್ಕ್ ಪ್ಯಾಕ್ ಮಾತ್ರ ಇಳಿಸಿ ಪೆನ್‌ಡ್ರೈವಿಗೆ ಹಾಕ್ಕೊಂಡೆ. ಅದನ್ನ ತಂದು ಇಲ್ಲಿ ಚುಚ್ಚಿದೆ, ಬೋರ್ಡ್ ಓದಿ ಲ್ಯಾನ್ ಇದೇ ಅಂತ ತೋರ್ಸ್ತು, ಟಿಕ್ ಹಾಕಿ ಇನ್‌ಸ್ಟಾಲ್ ಒತ್ತಿದೆ, ಒಂದು ನಿಮಿಷಾನೂ ಆಗಲಿಲ್ಲ ನೆಟ್ ಬಂತು. ಆ ಒಂದು ನಿಮಿಷಕ್ಕೆ 5ಕ್ಕೆ 5 ಕೊಡ್ತೀನಿ.

ನೆಟ್ ಬಂದ ಮೇಲೆ ವಿಂಡೋಸ್ ಅಪ್‌ಡೇಟೇ ಗ್ರಾಫಿಕ್ಸ್ ತಂದ್ಕೊಂಡು ಹಾಕ್ಕೊಂಡ್ತು, ಅಲ್ಲೀವರ್ಗೂ ಅಕ್ಷರ ಎಲ್ಲ ದಪ್ಪ ದಪ್ಪ ಕಾಣ್ತಿತ್ತು. ಪಿಸಿಯ ಭಾಗಗಳ ಪಟ್ಟಿ ತೋರ್ಸೋ ಡಿವೈಸ್ ಮ್ಯಾನೇಜರಲ್ಲಿ ಡ್ರೈವರ್ ಇಲ್ಲ ಅನ್ನೋ ಹಳದಿ ಗುರುತು ಇನ್ನೂ ಎರಡು ಉಳೀತು, ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್ ಮತ್ತೆ ಎಸ್‌ಎಂ ಬಸ್ ಕಂಟ್ರೋಲರ್. ಹೆಸರು ನೋಡಿ ಹೆದರಬೇಡಿ, ಇಂಟೆಲ್ ಬೋರ್ಡಲ್ಲಿ ಮೊದಲ್ನೇದು ಸಾಮಾನ್ಯವಾಗಿ ಮ್ಯಾನೇಜ್‌ಮೆಂಟ್ ಇಂಜಿನ್, ಎರಡನೇದು ಚಿಪ್‌ಸೆಟ್‌ದು. ಇವೆರಡನ್ನ ಸ್ನ್ಯಾಪಿಲಿ ಹಾಕಲಿಲ್ಲ, ಬೋರ್ಡ್ ಕಂಪನಿ ಸೈಟಲ್ಲಿ ಮಾಡೆಲ್ ನಂಬರ್ ಕೊಟ್ಟು ಅಲ್ಲಿಂದಲೇ ತಗೊಂಡೆ. ಯಾವುದು ಯಾರದ್ದು ಅಂತ ಗೊತ್ತಾಗದಿದ್ರೆ ಪ್ರಾಪರ್ಟೀಸಲ್ಲಿ ಹಾರ್ಡ್‌ವೇರ್ ಐಡಿ ನೋಡಿ, ವೆಂಡರ್ ಕೋಡ್ 8086 ಇದ್ರೆ ಇಂಟೆಲ್, 10ಇಸಿ ಇದ್ರೆ ರಿಯಲ್‌ಟೆಕ್, 1022 ಇದ್ರೆ ಎಎಂಡಿ, 10ಡಿಇ ಇದ್ರೆ ಎನ್‌ವಿಡಿಯಾ.

ಯಾಕೆ ಎಲ್ಲಾನೂ ಸ್ನ್ಯಾಪಿಗೇ ಬಿಡಲಿಲ್ಲ ಅಂತೀರಾ? ಹಿಂದಿನ ದಿನ ರಾತ್ರಿ ಹಳೇ ಪಿಸೀಲಿ ಅದನ್ನ ತೆಗೆದಾಗ ಉದ್ದ ಪಟ್ಟಿ ತೋರ್ಸ್ತು, ಇದಕ್ಕಿಂತ ಒಳ್ಳೇದಿದೆ ಅದಕ್ಕಿಂತ ಹೊಸದಿದೆ ಅಂತ. ಉಚಿತವಾಗಿ ಸಿಗೋದಲ್ವಾ ಅಂತ ಸೆಲೆಕ್ಟ್ ಆಲ್ ಒತ್ಬಿಟ್ಟೆ. ರೀಸ್ಟಾರ್ಟ್ ಆದ ಮೇಲೆ ಮುಂದಿನ ಹೆಡ್‌ಫೋನ್ ಜಾಕಲ್ಲಿ ಸೌಂಡೇ ಇಲ್ಲ. ಚೆನ್ನಾಗಿದ್ದ ಹಸುಗೆ ಔಷಧಿ ಕುಡಿಸಿದಂಗೆ! ಪುಣ್ಯಕ್ಕೆ ಡಿವೈಸ್ ಮ್ಯಾನೇಜರಲ್ಲಿ ರೋಲ್ ಬ್ಯಾಕ್ ಡ್ರೈವರ್ ಒತ್ತಿ ಹಳೇ ಡ್ರೈವರ್ ವಾಪಸ್ ತಂದ ಮೇಲೆ ಸರಿಹೋಯ್ತು. ಸ್ನ್ಯಾಪಿಲೇ ಮೊದ್ಲು ರಿಸ್ಟೋರ್ ಪಾಯಿಂಟ್ ಮಾಡ್ಕೊಳ್ಳೋ ಟಿಕ್ ಇದೆ, ಹಾಕ್ಕೊಳಿ. ಹಳದಿ ಗುರುತು ಇರೋದಕ್ಕೆ ಮಾತ್ರ ಬಳಸಿ, ಕೆಲ್ಸ ಮಾಡ್ತಿರೋದನ್ನ ಮುಟ್ಟಬೇಡಿ. ಸ್ಕ್ರೀನ್ ನೋಡೋಕೂ ಹೊಸಬರಿಗೆ ಸ್ವಲ್ಪ ಗಲಿಬಿಲಿ, ಒಂದೇ ಡಿವೈಸ್‌ಗೆ ಎರಡ್ಮೂರು ಸಾಲು ಬರುತ್ತೆ, ಯಾವುದು ಬೇಕು ಅಂತ ಹೇಳೋರಿಲ್ಲ. ಇದಕ್ಕೆ ಒಂದು ಸ್ಟಾರ್ ಕಟ್.

ಅಂಗಡಿ ಸಾಮಾನಿಗೆ ಇದು ಲೆಕ್ಕಕ್ಕಿಲ್ಲ ಅಂತಲೇ ಅನ್ಕೊಳಿ. ಕ್ಯಾನನ್ ಎಲ್‌ಬಿಪಿ 2900 ಇದೆಯಲ್ಲ, ಯಾವ ಜೆರಾಕ್ಸ್ ಅಂಗಡಿಗೆ ಹೋದ್ರೂ ಕಾಣೋ ಪ್ರಿಂಟರ್, ಅದರ ಕ್ಯಾಪ್ಟ್ ಡ್ರೈವರ್ ಕ್ಯಾನನ್ ಸೈಟಿಂದಲೇ ತಗೋಬೇಕು, ಇನ್‌ಸ್ಟಾಲರ್ ಕೇಳೋವರ್ಗೂ ಯುಎಸ್‌ಬಿ ಕೇಬಲ್ ಚುಚ್ಚಬಾರದು, ಅವಸರ ಮಾಡಿ ಮೊದ್ಲೇ ಚುಚ್ಚಿ ಎರಡು ಸಲ ಅನ್‌ಇನ್‌ಸ್ಟಾಲ್ ಮಾಡಿದೆ. ಆಧಾರ್ ಬೆರಳಚ್ಚಿನ ಡಿವೈಸ್‌ಗಂತೂ ಡ್ರೈವರ್ ಹಾಕಿದ್ರೆ ಮುಗೀಲಿಲ್ಲ, ಆರ್‌ಡಿ ಸರ್ವೀಸ್ ಅಂತ ಬೇರೇನೇ ಹಾಕ್ಬೇಕು, ಅದೂ ಕಂಪನಿಯದ್ದೇ.

ಕೆಲ್ಸ ಎಲ್ಲ ಮುಗಿದ ಮೇಲೆ ತಂಗಿ ಮಗ ಬಂದು, ಮಾವ ಇಷ್ಟೆಲ್ಲ ಯಾಕೆ ಮಾಡಿದ್ರಿ, ಹಳೇ ವಿಂಡೋಸಲ್ಲಿ ಡ್ರೈವರ್ ಎಲ್ಲ ಇತ್ತಲ್ಲ ಅಂದ. ಸಿಸ್ಟಮ್32 ಒಳಗೆ ಡ್ರೈವರ್‌ಸ್ಟೋರ್, ಅದರೊಳಗೆ ಫೈಲ್ ರೆಪಾಸಿಟರಿ ಅಂತ ಫೋಲ್ಡರ್ ಇರುತ್ತಂತೆ, ಅದನ್ನೇ ನೋಟ್‌ಪ್ಯಾಡ್ ದಾರೀಲಿ ಕಾಪಿ ಮಾಡ್ಕೊಂಡು, ಆಮೇಲೆ ಡಿವೈಸ್ ಮ್ಯಾನೇಜರಲ್ಲಿ ಅಪ್‌ಡೇಟ್ ಡ್ರೈವರ್, ಬ್ರೌಸ್, ಆ ಫೋಲ್ಡರ್ ತೋರ್ಸಿದ್ರೆ ಹುಡ್ಕೊಂಡು ಹಾಕ್ಕೊಳ್ಳುತ್ತೆ. ಫಾರ್ಮ್ಯಾಟ್ ಒತ್ತದೆ ಹಳೇದರ ಮೇಲೇ ಹಾಕಿದ್ರೂ ವಿಂಡೋಸ್ ಓಲ್ಡ್ ಫೋಲ್ಡರಲ್ಲಿ ಅದೇ ಇರುತ್ತಂತೆ. ನಾನೋ ಸಿ ಡ್ರೈವ್ ಶುದ್ಧವಾಗಿ ಫಾರ್ಮ್ಯಾಟ್ ಮಾಡಿ ಕೂತಿದ್ದೆ. ಈ ಹುಡುಗ ಒಂದು ದಿನ ಮುಂಚೆ ಬಂದಿದ್ರೆ ಈ ರಿವ್ಯೂನೇ ಇರ್ತಿರಲಿಲ್ಲ.

ಈಗ ವಿಂಡೋಸ್ ಜೊತೆಗೇ ಬರೋ ಪಿಎನ್‌ಪಿ ಯುಟಿಲ್ ಅನ್ನೋ ಕಮಾಂಡಲ್ಲಿ ಎರಡೂ ಪಿಸಿ ಡ್ರೈವರ್ ಎಕ್ಸ್‌ಪೋರ್ಟ್ ಮಾಡಿ ಸ್ನ್ಯಾಪಿ ಜೊತೆ ಒಂದೇ ಕೆಂಪು ಪೆನ್‌ಡ್ರೈವಲ್ಲಿ ಹಾಕಿ ಗಲ್ಲಾಪೆಟ್ಟಿಗೇಲಿ ಇಟ್ಟಿದೀನಿ. ಯಾರಾದ್ರೂ ಗಿರಾಕಿ, ಅಣ್ಣ ಪೆನ್‌ಡ್ರೈವ್ ಇದ್ರೆ ಕೊಡಿ ಫೋಟೋ ಹಾಕ್ಕೊಂಡು ಬರ್ತೀನಿ ಅಂದ್ರೆ ಕೆಂಪುದ್ದು ಮಾತ್ರ ಕೊಡಬೇಡ ಅಂತ ಅಂಗಡಿ ಹುಡುಗಂಗೆ ಹೇಳಿದೀನಿ. ಯುಪಿಎಸ್ ಬ್ಯಾಟರಿ ಇನ್ನೂ ಹಾಕ್ಸಿಲ್ಲ.