ಪೆಡಲ್ ಇಳಿದರೆ: ಬ್ರೇಕ್ ಆಯಿಲೋ, ಮಾಸ್ಟರ್ ಸಿಲಿಂಡರೋ?

ಹಳೆ ಪಿಕಪ್‌ಗೆ ಅಡಿಕೆ ಮೂಟೆ ಹೇರಿ ಆಗುಂಬೆ ಘಾಟಿ ಇಳಿಯುವಾಗ ಮಾತ್ರ ಬ್ರೇಕ್ ಪೆಡಲ್ ಮೆತ್ತಗಾಗಿ, ಗಾಡಿ ತಣ್ಣಗಾದ ಮೇಲೆ ಸರಿಹೋಯಿತೇ? ಅನುಮಾನ ಮೊದಲು ಬ್ರೇಕ್ ಆಯಿಲ್ ಮೇಲಿರಲಿ. ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಕೇಳಬೇಕೇ! ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು, ತೇವ ಹೀರಿದ್ದು ಬ್ರೇಕ್ ಕಾದಾಗ 140ರ ಸುಮಾರಿಗೇ ಕುದಿಯಬಹುದು. ಆಗ ಪೆಡಲ್ ಅದುಮಿದರೆ ಆವಿ ಕುಗ್ಗುತ್ತದೆ, ಒತ್ತಡ ಚಕ್ರಕ್ಕೆ ಮುಟ್ಟದು.

ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ) ಕೆಟ್ಟಿದ್ದರೆ ಪೆಡಲ್ ಇಳಿಯಲು ಘಾಟಿಯೇ ಬೇಕಿಲ್ಲ. ತೀರ್ಥಹಳ್ಳಿ ಪೇಟೆಯಲ್ಲಿ ನಿಂತಲ್ಲೇ ಇಂಜಿನ್ ಚಾಲೂ ಇಟ್ಟು ಪೆಡಲ್ ಒತ್ತಿ ಹಿಡಿಯಿರಿ. ಹೊರಗೆಲ್ಲೂ ಸೋರಿಕೆಯಿಲ್ಲದೆ ಅದು ಮೆಲ್ಲಗೆ ಇಳಿಯುತ್ತಲೇ ಹೋದರೆ ಒಳಗಿನ ರಬ್ಬರ್ ಸೀಲ್ ಸವೆದಿರುವ ಸಾಧ್ಯತೆಯೇ ಹೆಚ್ಚು. ಚಕ್ರದ ಒಳಬದಿ ಆಯಿಲ್‌ನಿಂದ ಒದ್ದೆಯಾಗಿದ್ದರೆ ಚಕ್ರದಲ್ಲಿ ಬ್ರೇಕ್ ಹಿಡಿಸುವ ವೀಲ್ ಸಿಲಿಂಡರ್ ಸೋರುತ್ತಿರಬಹುದು, ಗಾಡಿ ಹೊರಡಿಸಲೇಬೇಡಿ.

ಯಾವುದೆಂದು ತಿಳಿಯದಿದ್ದರೆ ಮೊದಲು ಆಯಿಲ್ ಬದಲಿಸಿ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸಿ. ಖರ್ಚೂ ಕಡಿಮೆ.